ಅನ್ವರ್ಥದಿಂದ ಅಂಕಿತಕ್ಕೆ: ಕೀಲು ಮಡಿಸುವ ಸ್ನಾಯುಗಳ ನಾಮಕರಣದ ಚರಿತ್ರೆ

ಸಾರಲೇಖ

ದೇಹದ ಕೀಲುಗಳನ್ನು ಮಡಿಸುವ ಸ್ನಾಯುಗಳನ್ನು ಯುರೋಪಿನ ಅಂಗರಚನಾಶಾಸ್ತ್ರವು ‘ಫ್ಲೆಕ್ಸರ್’ ಎಂಬ ಲ್ಯಾಟಿನ್ ಕರ್ತೃವಾಚಕದಿಂದ ಗುರುತಿಸುತ್ತ ಬಂದಿದೆ. ಈ ಪದವು ವಿವರಣೆಯಾಗಿ ಹುಟ್ಟಿ, ಹೆಸರಾಗಿ ನೆಲೆಗೊಂಡು, ತನ್ನೊಳಗಿದ್ದ ಶಾಸ್ತ್ರೀಯ ಪ್ರತಿಪಾದನೆಯನ್ನು ಕ್ರಮೇಣ ಕಳೆದುಕೊಂಡ ಬಗೆಯನ್ನು ಪ್ರಸ್ತುತ ಲೇಖನವು ಗೇಲನ್‌ನಿಂದ 20ನೆಯ ಶತಮಾನದ ಪದಪಟ್ಟಿಗಳವರೆಗೆ ಪರಿಶೀಲಿಸುತ್ತದೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಅನ್ವರ್ಥನಾಮವೊಂದು ಅಂಕಿತನಾಮವಾದ ಚರಿತ್ರೆ. ಇಂತಹ ಪದವನ್ನು ಧಾತ್ವರ್ಥದ ಮೇಲೆ ಅನುವಾದಿಸಿದಾಗ ಮೂಲಭಾಷೆಯು ಕೈಬಿಟ್ಟ ಪ್ರತಿಪಾದನೆಯು ಗುರಿಭಾಷೆಯಲ್ಲಿ ಮರಳಿ ಜೀವ ಪಡೆಯುತ್ತದೆ ಎಂಬುದು ಲೇಖನದ ವಾದ. ಸಂಸ್ಕೃತ ಪರಂಪರೆಯ ‘ಆಕುಂಚನ’ ಮತ್ತು ಕನ್ನಡದ ‘ಮಡಿಸು’, ‘ಬಗ್ಗಿಸು’ ಧಾತುಗಳ ಹಿನ್ನೆಲೆಯಲ್ಲಿ ಕನ್ನಡ ಪರಿಭಾಷಾರಚನೆಗೆ ಒಂದು ವಿಭಾಗಕ್ರಮವನ್ನು ಇಲ್ಲಿ ಸೂಚಿಸಲಾಗಿದೆ.

ಪ್ರಮುಖ ಪದಗಳು: ಪರಿಭಾಷೆ, ಕರ್ತೃವಾಚಕ, ಕೃದಂತ, ಅನ್ವರ್ಥನಾಮ, ಅಂಗರಚನಾಶಾಸ್ತ್ರ, ಆಕುಂಚನ

1. ಪ್ರಶ್ನೆಯ ಸ್ವರೂಪ

1998ರಲ್ಲಿ ಪ್ರಕಟವಾದ ‘ಟರ್ಮಿನೋಲೋಜಿಯಾ ಅನಟೋಮಿಕಾ’ ಎಂಬ ಅಂತಾರಾಷ್ಟ್ರೀಯ ಪದಪಟ್ಟಿಯಲ್ಲಿ ‘ಫ್ಲೆಕ್ಸರ್’ ಎಂಬ ಪದವುಳ್ಳ ಸ್ನಾಯುನಾಮಗಳನ್ನು ಒಟ್ಟುಗೂಡಿಸಿದರೆ ಗಮನಾರ್ಹವಾದ ಸಂಗತಿಯೊಂದು ಕಾಣುತ್ತದೆ. ಅವೆಲ್ಲವೂ ಮಣಿಕಟ್ಟು, ಕೈಬೆರಳು ಮತ್ತು ಕಾಲ್ಬೆರಳುಗಳಿಗೆ ಸೇರಿದವು. ಮೊಣಕೈಯಿಂದ ಮೇಲೆ, ಮೊಣಕಾಲಿನಿಂದ ಮೇಲೆ, ಕುತ್ತಿಗೆಯಲ್ಲಿ, ಮುಂಡದಲ್ಲಿ ಒಂದಕ್ಕೂ ಆ ಹೆಸರಿಲ್ಲ. ಮೊಣಕೈಯನ್ನು ಮಡಿಸುವ ಮುಖ್ಯ ಸ್ನಾಯುಗಳ ಪೈಕಿ ಒಂದಕ್ಕೆ ಎರಡು ತಲೆಯದು ಎಂಬ ಅರ್ಥದ ‘ಬೈಸೆಪ್ಸ್’, ಇನ್ನೊಂದಕ್ಕೆ ತೋಳಿನದು ಎಂಬ ಅರ್ಥದ ‘ಬ್ರೇಕಿಯಾಲಿಸ್’, ಮತ್ತೊಂದಕ್ಕೆ ಎರಡು ಸ್ಥಾನಗಳನ್ನು ಜೋಡಿಸಿದ ‘ಬ್ರೇಕಿಯೋರೇಡಿಯಾಲಿಸ್’ ಎಂಬ ಹೆಸರುಗಳಿವೆ. ತೊಡೆಯ ಹಿಂಬದಿಯಲ್ಲಿದ್ದು ಮೊಣಕಾಲನ್ನು ಮಡಿಸುವ ಸ್ನಾಯುಗಳ ಹೆಸರುಗಳು ಅವುಗಳ ತಲೆಗಳ ಸಂಖ್ಯೆಯನ್ನೋ ಅವುಗಳಲ್ಲಿನ ಸ್ನಾಯುರಜ್ಜು, ಪೊರೆಗಳ ಪ್ರಮಾಣವನ್ನೋ ಹೇಳುತ್ತವೆಯೇ ಹೊರತು ಮಡಿಸುವ ಕೆಲಸವನ್ನಲ್ಲ.

ಅಂದರೆ, ಮಡಿಸುವ ಸ್ನಾಯುಗಳೆಲ್ಲ ‘ಫ್ಲೆಕ್ಸರ್’ ಎಂಬ ಹೆಸರನ್ನು ಹೊತ್ತಿಲ್ಲ. ಆ ಹೆಸರನ್ನು ಹೊತ್ತವು ಮಡಿಸುವ ಕೆಲಸವನ್ನಷ್ಟೇ ಮಾಡುವುದಿಲ್ಲ. ಆದರೂ ಶರೀರಕ್ರಿಯಾಶಾಸ್ತ್ರದ ಬೋಧನೆಯಲ್ಲಿ ‘ಬೈಸೆಪ್ಸ್ ಮೊಣಕೈಯ ಫ್ಲೆಕ್ಸರ್’ ಎಂಬ ಮಾತು ಸಹಜವಾಗಿ ಬರುತ್ತದೆ. ಒಂದೇ ಪದವು ಒಂದೆಡೆ ಹೆಸರಾಗಿ, ಇನ್ನೊಂದೆಡೆ ಪಾತ್ರವಾಗಿ ನಡೆಯುತ್ತಿದೆ. ಈ ಇಬ್ಬಗೆಯು ಹೇಗೆ ಹುಟ್ಟಿತು ಎಂಬುದು ಲೇಖನದ ಮೊದಲ ಪ್ರಶ್ನೆ. ಈ ಪದವನ್ನು ತನ್ನದಾಗಿಸಿಕೊಳ್ಳುವಾಗ ಕನ್ನಡವು ಎರಡರಲ್ಲಿ ಯಾವುದನ್ನು ಅನುವಾದಿಸಬೇಕು ಎಂಬುದು ಎರಡನೆಯದು.

ಚರ್ಚೆಗೆ ನಮ್ಮ ವ್ಯಾಕರಣವೇ ಒಂದು ಸಲಕರಣೆಯನ್ನು ಒದಗಿಸುತ್ತದೆ. ‘ಶಬ್ದಮಣಿದರ್ಪಣ’ದಿಂದ ಶಾಲಾ ವ್ಯಾಕರಣದವರೆಗೆ ಹರಿದುಬಂದಿರುವ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಂಗಡಣೆಯಲ್ಲಿ, ವಸ್ತುವಿನ ಗುಣವನ್ನೋ ಕೆಲಸವನ್ನೋ ಅನುಸರಿಸಿ ಬಂದ ಹೆಸರು ಅನ್ವರ್ಥ, ಗುರುತಿಸುವುದಕ್ಕೆಂದೇ ಇಟ್ಟುಕೊಂಡ ಹೆಸರು ಅಂಕಿತ. ಪಾರಿಭಾಷಿಕ ಪದಗಳು ಈ ಎರಡರ ನಡುವೆ ಚಲಿಸುತ್ತವೆ ಎಂಬುದಕ್ಕೆ ಸ್ನಾಯುಗಳ ಹೆಸರುಗಳಷ್ಟು ದೀರ್ಘವಾದ, ದಾಖಲೆಯುಳ್ಳ ನಿದರ್ಶನ ವಿರಳ.

2. ಎಣಿಕೆಯಿಂದ ಹೆಸರಿಗೆ

ಸ್ನಾಯುವೆಂಬ ವರ್ಗದ ಹೆಸರು ಹಲವೆಡೆ ರೂಪಕವಾಗಿಯೇ ಹುಟ್ಟಿದೆ. ಗ್ರೀಕಿನ ‘ಮೂಸ್’ ಎಂಬುದಕ್ಕೆ ಇಲಿ, ಸ್ನಾಯು ಎಂಬ ಎರಡೂ ಅರ್ಥಗಳಿವೆ. ಲ್ಯಾಟಿನ್ನಿನ ‘ಮುಸ್ಕುಲುಸ್’ ಎಂದರೆ ಚಿಕ್ಕ ಇಲಿ. ತೋಳಿನ ಸ್ನಾಯುವಿಗೆ ಲ್ಯಾಟಿನ್ ಭಾಷಿಕರು ಹಲ್ಲಿಯ ಹೆಸರನ್ನೂ ಬಳಸಿದರು. ಕಾಲಿನ ಹಿಂಬದಿಯ ಉಬ್ಬಿಗೆ ‘ಮೀನಖಂಡ’ ಎನ್ನುವ ಕನ್ನಡವೂ ಇದೇ ದಾರಿಯದು. ಚರ್ಮದ ಅಡಿಯಲ್ಲಿ ಪ್ರಾಣಿಯೊಂದು ಹೊರಳಿದಂತೆ ಕಾಣುವುದು ಹೊರಗಣ್ಣಿಗೆ ಎಟುಕುವ ಸಂಗತಿ. ಯಾವ ಸ್ನಾಯು ಯಾವ ಕೀಲನ್ನು ಮಡಿಸುತ್ತದೆ ಎಂಬುದು ಹಾಗಲ್ಲ. ಅದಕ್ಕೆ ಚರ್ಮವನ್ನು ಬಿಡಿಸಿ ನೋಡಬೇಕು.

2ನೆಯ ಶತಮಾನದಲ್ಲಿ ಹಾಗೆ ಬಿಡಿಸಿ ನೋಡಿದವನು ಗೇಲನ್. ಅವನ ಛೇದನಗಳು ಮುಖ್ಯವಾಗಿ ಕೋತಿಗಳ ಮತ್ತು ಇತರ ಪ್ರಾಣಿಗಳ ಮೇಲೆ ನಡೆದವು. ಸ್ನಾಯುಗಳ ಚಲನೆಯನ್ನು ಕುರಿತ ಗ್ರಂಥದಲ್ಲಿ ಅವನು ಸ್ಥಾಪಿಸಿದ ತತ್ತ್ವವು ನಮ್ಮ ಚರ್ಚೆಗೆ ಮುಖ್ಯ: ಸ್ನಾಯುವಿನ ಸ್ವಂತ ಕ್ರಿಯೆ ಸಂಕೋಚನವೊಂದೇ; ಅದು ಮತ್ತೆ ನೀಳವಾಗುವುದು ಎದುರು ಸ್ನಾಯುವಿನ ಎಳೆತದಿಂದ. ಮಡಿಸುವುದು, ಚಾಚುವುದು ಎಂಬ ಭೇದವು ಸ್ನಾಯುವಿನ ಸ್ವಭಾವದಲ್ಲಿಲ್ಲ. ಅದು ಕೀಲಿನ ಯಾವ ಬದಿಯಲ್ಲಿದೆ ಎಂಬುದರಲ್ಲಿದೆ. ಗೇಲನ್ನನ ಬರಹಗಳಲ್ಲಿ ಹೆಚ್ಚಿನ ಸ್ನಾಯುಗಳಿಗೆ ಹೆಸರಿಲ್ಲ. ಅವುಗಳನ್ನು ಸ್ಥಾನ, ಕ್ರಿಯೆ, ಎಣಿಕೆಗಳ ಮೂಲಕ ವಿವರಿಸಲಾಗಿದೆ.

ಈ ಕ್ರಮವು 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಆಂಡ್ರಿಯಾಸ್ ವೆಸೇಲಿಯಸ್‌ನ ‘ದೆ ಹುಮಾನಿ ಕಾರ್ಪೊರಿಸ್ ಫಾಬ್ರಿಕಾ’ದಲ್ಲಿಯೂ ಮುಂದುವರಿಯಿತು. ಅದರ ಎರಡನೆಯ ಸಂಪುಟದ ಅಧ್ಯಾಯಗಳು ಚಲಿಸಲ್ಪಡುವ ಅಂಗವನ್ನು ಅನುಸರಿಸಿ ವಿಂಗಡಣೆಯಾಗಿವೆ: ಬೆರಳುಗಳನ್ನು ಚಲಿಸುವ ಸ್ನಾಯುಗಳು, ಮಣಿಕಟ್ಟನ್ನು ಚಲಿಸುವ ಸ್ನಾಯುಗಳು ಎಂಬಂತೆ. ಶೀರ್ಷಿಕೆಗಳಲ್ಲಿರುವುದು ‘ಚಲಿಸುವ’ ಎಂಬ ವರ್ತಮಾನ ಕೃದಂತ. ಆ ವರ್ಗದೊಳಗೆ ಸ್ನಾಯುಗಳು ಮೊದಲನೆಯದು, ಎರಡನೆಯದು ಎಂದು ಎಣಿಕೆಗೊಳ್ಳುತ್ತವೆ. ಚಿತ್ರಫಲಕದ ಅಕ್ಷರಗಳನ್ನು ಪಕ್ಕದಲ್ಲಿಟ್ಟುಕೊಂಡು ಓದುವವನಿಗೆ ಇದು ಸಾಕು. ಆದರೆ ಸಂಖ್ಯೆಯ ಗುರುತು ಗ್ರಂಥದಿಂದ ಗ್ರಂಥಕ್ಕೆ ದಾಟುವುದಿಲ್ಲ. ಒಬ್ಬನು ಎರಡಾಗಿ ಕಂಡದ್ದನ್ನು ಇನ್ನೊಬ್ಬನು ಒಂದೆಂದು ಎಣಿಸಿದರೆ ಮುಂದಿನ ಎಲ್ಲ ಸಂಖ್ಯೆಗಳೂ ಜರುಗುತ್ತವೆ.

ಎಣಿಕೆಯ ಬದಲು ಹೆಸರುಗಳನ್ನು ವ್ಯಾಪಕವಾಗಿ ತಂದವರಲ್ಲಿ ಮುಖ್ಯನಾದವನು ಪ್ಯಾರಿಸ್ಸಿನಲ್ಲಿ ವೆಸೇಲಿಯಸ್‌ಗೆ ಗುರುವಾಗಿದ್ದ ಜಾಕ್ ದ್ಯುಬ್ವಾ, ಲ್ಯಾಟಿನ್ ಹೆಸರಿನಲ್ಲಿ ಸಿಲ್ವಿಯಸ್ (1478–1555). ಭಾಷಾಶಾಸ್ತ್ರದ ಚರಿತ್ರೆಗೂ ಇವನು ಅಪರಿಚಿತನಲ್ಲ. 1531ರಲ್ಲಿ ಪ್ಯಾರಿಸ್ಸಿನ ರೊಬೆರ್ ಎತಿಯೆನ್ ಮುದ್ರಣಾಲಯದಿಂದ ಹೊರಬಂದ, ಲ್ಯಾಟಿನ್ನಿನಲ್ಲಿ ಬರೆದ ಫ್ರೆಂಚ್ ವ್ಯಾಕರಣವು ಇವನದು. ಅದರ ಶೀರ್ಷಿಕೆಯಲ್ಲಿ ಪ್ರವೇಶಿಕೆ ಎಂಬರ್ಥದ ‘ಇಸಗೋಗೆ’ ಎಂಬ ಪದವಿದೆ. ಅವನ ಮರಣಾನಂತರ ಪ್ರಕಟವಾದ ಅಂಗರಚನಾ ಗ್ರಂಥದ ಶೀರ್ಷಿಕೆಯಲ್ಲಿಯೂ ಅದೇ ಪದವಿದೆ. ವಿಭಕ್ತಿ ಪ್ರತ್ಯಯಗಳನ್ನೂ ಸ್ನಾಯುಗಳನ್ನೂ ವಿಂಗಡಿಸಿದ ಕೈ ಒಂದೇ. ವ್ಯಾಕರಣದಲ್ಲಿ ಪದರೂಪದ ಬದಲಾವಣೆಯನ್ನು ಸೂಚಿಸುವ ‘ಫ್ಲೆಕ್ಷನ್’, ‘ಇನ್‌ಫ್ಲೆಕ್ಷನ್’ಗಳೂ ಸ್ನಾಯುವಿನ ‘ಫ್ಲೆಕ್ಸರ್’ ಕೂಡ ಬಾಗಿಸು ಎಂಬರ್ಥದ ‘ಫ್ಲೆಕ್ಟೆರೆ’ ಧಾತುವಿನವೇ. ಗ್ರೀಕಿನ ‘ಆರ್ಥ್ರೋನ್’ ದೇಹದ ಕೀಲಿಗೂ ವ್ಯಾಕರಣದ ಉಪಪದಕ್ಕೂ ಸಲ್ಲುತ್ತಿತ್ತು. ನಮ್ಮ ‘ಸಂಧಿ’ಯೂ ಹಾಗೆಯೇ ಎರಡೂ ಶಾಸ್ತ್ರಗಳಿಗೆ ಸೇರಿದ್ದು.

ಸಿಲ್ವಿಯಸ್‌ನ ತರುವಾಯ ಬಾಸೆಲ್‌ನ ಕಾಸ್ಪರ್ ಬೌಹಿನ್ ತನ್ನ 1605ರ ‘ಥಿಯೇಟ್ರುಮ್ ಅನಟೋಮಿಕುಮ್’ನಲ್ಲಿ ಆಕಾರ, ಸ್ಥಾನ, ಉಗಮ, ಕ್ರಿಯೆಗಳನ್ನು ಆಧರಿಸಿದ ಹೆಸರುಗಳನ್ನು ಕ್ರಮಬದ್ಧಗೊಳಿಸಿದನು. 1623ರ ‘ಪಿನಾಕ್ಸ್’ನಲ್ಲಿ ಸಸ್ಯಗಳ ಹೆಸರುಗಳ ಗೋಜಲನ್ನು ಬಿಡಿಸಲು ಯತ್ನಿಸಿದವನೂ ಇವನೇ. ಮುಂದೆ ವಿಲಿಯಂ ಕೂಪರ್ (1694), ಜೇಮ್ಸ್ ಡಗ್ಲಸ್ (1707) ಇವರ ಕೃತಿಗಳ ಹಾದಿಯಲ್ಲಿ ಬಂದು, ಲೈಡನ್ನಿನ ಬೆರ್ನಾರ್ಡ್ ಸೀಗ್‌ಫ್ರೀಡ್ ಆಲ್ಬಿನಸ್‌ನ 1734ರ ‘ಹಿಸ್ಟೋರಿಯಾ ಮುಸ್ಕುಲೋರುಮ್ ಹೋಮಿನಿಸ್’ನಲ್ಲಿ ಈ ಪರಂಪರೆಯು ಬಹುಮಟ್ಟಿಗೆ ಇಂದಿನ ರೂಪಕ್ಕೆ ಬಂದಿತು.

ಈ ಚರಿತ್ರೆಯ ಬೆಳಕಿನಲ್ಲಿ ಆರಂಭದಲ್ಲಿ ಕಂಡ ಅಸಮ ಹಂಚಿಕೆಗೆ ಒಂದು ವಿವರಣೆ ದೊರೆಯುತ್ತದೆ. ಮೇಲ್ದೋಳು, ತೊಡೆಗಳ ಸ್ನಾಯುಗಳು ದೊಡ್ಡವು. ಆಕಾರದಿಂದಲೇ ಒಂದರಿಂದೊಂದು ಬೇರೆಯೆನಿಸುತ್ತವೆ. ಮುಂದೋಳಿನಲ್ಲಿ ಮತ್ತು ಮೊಣಕಾಲಿನ ಕೆಳಗೆ ನೀಳವಾದ, ಒಂದನ್ನೊಂದು ಹೋಲುವ ಹಲವು ಸ್ನಾಯುಗಳು ಒತ್ತೊತ್ತಾಗಿವೆ. ಅವುಗಳ ರಜ್ಜು ಯಾವ ಮೂಳೆಯನ್ನು ತಲುಪಿ ಏನನ್ನು ಎಳೆಯುತ್ತದೆ ಎಂಬುದರಿಂದಲೇ ಅವನ್ನು ಸುಲಭವಾಗಿ ಗುರುತಿಸಬಹುದು. ಆಕಾರವು ಕೈಕೊಟ್ಟ ಎಡೆಯಲ್ಲಿ ಕ್ರಿಯೆಯು ಹೆಸರಾಯಿತು.

3. ಹೆಸರಿನೊಳಗಿನ ವಾಕ್ಯ

‘ಫ್ಲೆಕ್ಸರ್ ಡಿಜಿಟೋರುಮ್ ಪ್ರೊಫುಂಡುಸ್’ ಎಂಬ ಹೆಸರನ್ನು ಬಿಡಿಸಿ ನೋಡೋಣ. ‘ಫ್ಲೆಕ್ಸರ್’ ಕರ್ತೃವಾಚಕ ನಾಮಪದ. ‘ಡಿಜಿಟೋರುಮ್’ ಬೆರಳುಗಳ ಎಂಬ ಷಷ್ಠೀ ಬಹುವಚನ, ಆದರೆ ಅರ್ಥದಲ್ಲಿ ಕರ್ಮ. ‘ಪ್ರೊಫುಂಡುಸ್’ ಆಳದ ಎಂಬ ವಿಶೇಷಣ, ಲಿಂಗವಚನಗಳಲ್ಲಿ ‘ಫ್ಲೆಕ್ಸರ್’ನೊಂದಿಗೆ ಹೊಂದಿಕೊಳ್ಳುವಂಥದು. ಕರ್ತೃ, ಕ್ರಿಯೆ, ಕರ್ಮ ಮೂರೂ ಇರುವ ಒಂದು ವಾಕ್ಯವೇ ಇಲ್ಲಿ ಮಡಚಿ ಕುಳಿತಿದೆ. ‘ಬ್ರೇಕಿಯಾಲಿಸ್’ ಎಂಬ ವಿಶೇಷಣರೂಪದ ಹೆಸರಿನಲ್ಲಿ ಇಂತಹ ಯಾವ ವಾಕ್ಯವೂ ಇಲ್ಲ.

ಇದರ ಸಂಗಾತಿ ಸ್ನಾಯುವಿನ ಹೆಸರೂ ಗಮನಾರ್ಹ. ಬೆರಳನ್ನು ಮಡಚುವ ಎರಡು ಉದ್ದ ಸ್ನಾಯುಗಳಲ್ಲಿ ಮೇಲಿನದರ ರಜ್ಜುವು ನಡುವಿನ ಗೆಣ್ಣಿನ ಮೂಳೆಯನ್ನು ಸೇರುವ ಮುನ್ನ ಇಬ್ಭಾಗವಾಗುತ್ತದೆ. ಆಳದ ಸ್ನಾಯುವಿನ ರಜ್ಜುವು ಆ ಸೀಳಿನ ಮೂಲಕ ತೂರಿ ಬೆರಳ ತುದಿಯ ಮೂಳೆಯನ್ನು ಸೇರುತ್ತದೆ. ಇದನ್ನು ಹಿಡಿದು ಹಳೆಯ ಗ್ರಂಥಕಾರರು ಒಂದನ್ನು ತೂರಲ್ಪಟ್ಟದ್ದು ಎಂಬರ್ಥದಲ್ಲಿ ‘ಪರ್ಫೊರಾಟುಸ್’, ಇನ್ನೊಂದನ್ನು ತೂರುವಂಥದು ಎಂಬರ್ಥದಲ್ಲಿ ‘ಪರ್ಫೊರಾನ್ಸ್’ ಎಂದು ಕರೆದರು. ಒಂದು ಭೂತ ಕೃದಂತ, ಇನ್ನೊಂದು ವರ್ತಮಾನ ಕೃದಂತ. ವ್ಯಾಕರಣದ ಜೋಡಿಯೇ ಅಂಗರಚನೆಯ ಜೋಡಿಯಾಗಿತ್ತು.

ಕೃದಂತದಿಂದ ಕರ್ತೃವಾಚಕಕ್ಕೆ ಸಾಗಿದ ಹೆಜ್ಜೆಯು ಕೇವಲ ಸಂಕ್ಷೇಪಣೆಯಲ್ಲ. ವೆಸೇಲಿಯಸ್‌ನ ಕೃದಂತವು ಸ್ನಾಯುವಿನ ಒಂದು ಕ್ರಿಯೆಯನ್ನು ಹೇಳುತ್ತದೆ. ಬೇರೆ ಕ್ರಿಯೆಗಳನ್ನು ನಿಷೇಧಿಸುವುದಿಲ್ಲ. ‘-ತೊರ್’ ಪ್ರತ್ಯಯದ ಕರ್ತೃವಾಚಕವಾದರೋ ಕೆಲಸವನ್ನು ಕಸುಬಾಗಿಸುತ್ತದೆ. ಈ ಪ್ರತ್ಯಯವು ಸಂಸ್ಕೃತದ ‘ತೃ’ ಪ್ರತ್ಯಯದ ಸಗೋತ್ರ: ದಾತೃ, ನೇತೃ, ಕರ್ತೃ. ಎಮಿಲ್ ಬೆನ್ವೆನಿಸ್ತ್ 1948ರ ತಮ್ಮ ಗ್ರಂಥದಲ್ಲಿ ಪ್ರಾಚೀನ ಇಂಡೋ-ಯುರೋಪಿಯನ್ ಭಾಷೆಗಳು ಒಂದು ಕೃತ್ಯವನ್ನು ಎಸಗಿದವನನ್ನೂ, ಒಂದು ಕಾರ್ಯಕ್ಕೆಂದೇ ನಿಯುಕ್ತನಾದವನನ್ನೂ ಬೇರೆ ಬೇರೆ ಕರ್ತೃರೂಪಗಳಿಂದ ಸೂಚಿಸುತ್ತಿದ್ದವೆಂದು ತೋರಿಸಿದರು. ಲ್ಯಾಟಿನ್ನಿನಲ್ಲಿ ಆ ಭೇದವು ಅಳಿದು ಒಂದೇ ಪ್ರತ್ಯಯ ಉಳಿಯಿತು. ‘ಫ್ಲೆಕ್ಸರ್’ ಎಂದಾಗ ‘ಬಾಗಿಸುತ್ತದೆ’ ಎಂಬ ವರದಿಯು ‘ಬಾಗಿಸಲೆಂದೇ ಇರುವುದು’ ಎಂಬ ನೇಮಕವಾಗಿ ಓದಿಸಿಕೊಳ್ಳಲು ಅವಕಾಶ ದೊರೆತದ್ದು ಹೀಗೆ. ಒಂದು ಸ್ನಾಯು, ಒಂದು ಕೀಲು, ಒಂದು ಕೆಲಸ ಎಂಬ ಸಿದ್ಧಾಂತವು ಯಾರೂ ವಾದಿಸದೆಯೇ ರೂಪಪ್ರಕ್ರಿಯೆಯ ಬಾಗಿಲಿನಿಂದ ಒಳಬಂದಿತು.

4. ಪ್ರತಿಪಾದನೆ ಸೋತ ಎಡೆಗಳು

ಶವದ ಸ್ನಾಯುವನ್ನು ಎಳೆದು ಕೀಲು ಹೇಗೆ ಚಲಿಸುತ್ತದೆಂದು ನೋಡುವುದು ಹಳೆಯ ವಿಧಾನ. ಬದುಕಿರುವ ದೇಹದಲ್ಲಿ ಸ್ನಾಯುಗಳನ್ನು ಒಂದೊಂದಾಗಿ ವಿದ್ಯುತ್ತಿನಿಂದ ಪ್ರಚೋದಿಸಿ ನೋಡಿದ ದ್ಯುಶೆನ್ ದ ಬೂಲೊನ್ಯನ 1867ರ ‘ಚಲನೆಗಳ ಶರೀರಕ್ರಿಯಾಶಾಸ್ತ್ರ’ವು ಹೆಸರುಗಳ ಪ್ರತಿಪಾದನೆಯನ್ನು ಪರೀಕ್ಷೆಗೊಡ್ಡಿತು.

ಮೊದಲ ನಿದರ್ಶನ ಮುಂದೋಳಿನ ಹೆಬ್ಬೆರಳ ಬದಿಯ ಸ್ನಾಯು. ಇದಕ್ಕೆ ‘ಸುಪಿನೇಟರ್ ಲಾಂಗುಸ್’ ಎಂಬ ಹೆಸರಿತ್ತು. ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಉದ್ದನೆಯದು ಎಂದರ್ಥ. ದ್ಯುಶೆನ್ನನ ಪ್ರಯೋಗದಲ್ಲಿ ಅದು ಮುಂದೋಳನ್ನು ಎರಡು ತಿರುವುಗಳ ನಡುವಣ ಸ್ಥಿತಿಗೆ ತಂದು ಮೊಣಕೈಯನ್ನು ಮಡಿಸಿತು. 1895ರಲ್ಲಿ ಬಾಸೆಲ್‌ನಲ್ಲಿ ಅಂಗೀಕೃತವಾದ ಪದಪಟ್ಟಿಯಲ್ಲಿ ಅದಕ್ಕೆ ಇರುವ ಹೆಸರು ‘ಬ್ರೇಕಿಯೋರೇಡಿಯಾಲಿಸ್’. ಹಳೆಯ ಹೆಸರು ತಪ್ಪೆನಿಸಿದಾಗ ಅದಕ್ಕೆ ‘ಫ್ಲೆಕ್ಸರ್’ ಎಂಬ ಸರಿಯಾದ ಕರ್ತೃವಾಚಕವನ್ನು ಕೊಡಲಿಲ್ಲ. ಕ್ರಿಯೆಯ ಮಾತನ್ನೇ ಎತ್ತದ ಸ್ಥಾನವಾಚಕವು ನಿಂತಿತು ಎಂಬುದು ಗಮನಿಸತಕ್ಕದ್ದು.

ಎರಡನೆಯದು ಅಂಗೈಯ ಪುಟ್ಟ ‘ಲುಂಬ್ರಿಕಾಲಿಸ್’ ಸ್ನಾಯುಗಳು. ಇವು ಬೆರಳ ಬುಡದ ಕೀಲನ್ನು ಮಡಚುತ್ತವೆ. ಅದೇ ಹೊತ್ತಿಗೆ ಮುಂದಿನ ಎರಡು ಗೆಣ್ಣುಗಳನ್ನು ನೀಡುತ್ತವೆ. ಕ್ರಿಯೆಯಿಂದ ಹೆಸರಿಡುವವನಿಗೆ ಇಲ್ಲಿ ‘ಮಡಚುವಂಥದು’, ‘ನೀಡುವಂಥದು’ ಎಂಬ ಎರಡೂ ಬೇಕಾಗುತ್ತಿದ್ದವು. ಎರೆಹುಳುವಿನಂತಿದೆ ಎಂಬ ರೂಪಕದ ಹೆಸರು ಯಾವ ತೊಡಕೂ ಇಲ್ಲದೆ ಉಳಿಯಿತು. ಕ್ರಿಯೆಯ ಕುರಿತು ಏನನ್ನೂ ಹೇಳದ ಹೆಸರನ್ನು ಕ್ರಿಯಾಶೋಧನೆಯು ಅಲುಗಿಸಲಾರದು.

ಮೂರನೆಯದು ಕಣಕಾಲು. ಕಾಲ್ಬೆರಳುಗಳನ್ನು ಚಾಚುವ ‘ಎಕ್ಸ್‌ಟೆನ್ಸರ್’ ಸ್ನಾಯುಗಳು ಕಣಕಾಲಿನಲ್ಲಿ ಪಾದವನ್ನು ಮೇಲೆತ್ತಿ ಕಾಲಿಗೂ ಪಾದಕ್ಕೂ ನಡುವಿನ ಕೋನವನ್ನು ಕಿರಿದುಗೊಳಿಸುತ್ತವೆ, ಅಂದರೆ ಒಂದರ್ಥದಲ್ಲಿ ಮಡಿಸುತ್ತವೆ. ಹೆಬ್ಬೆರಳಿನ ಉದ್ದ ‘ಫ್ಲೆಕ್ಸರ್’ ಪಾದವನ್ನು ಕೆಳಗೊತ್ತುವುದಕ್ಕೆ ನೆರವಾಗುತ್ತದೆ. ಈ ಗೊಂದಲವನ್ನು ತಪ್ಪಿಸಲು ಕಣಕಾಲಿನ ಚಲನೆಗಳೆರಡನ್ನೂ ‘ಫ್ಲೆಕ್ಷನ್’ ಎಂದೇ ಕರೆದು, ಪಾದದ ಮೇಲ್ಬದಿಯ ಕಡೆಗೆ, ಅಂಗಾಲಿನ ಕಡೆಗೆ ಎಂಬ ವಿಶೇಷಣಗಳಿಂದ ಬೇರ್ಪಡಿಸಬೇಕಾಯಿತು. ತೊಡೆಯ ಹಿಂಬದಿಯ ಉದ್ದ ಸ್ನಾಯುಗಳದೂ ಇಂಥದೇ ಕಥೆ: ಅವು ಮೊಣಕಾಲನ್ನು ಮಡಿಸುತ್ತವೆ, ಸೊಂಟದ ಕೀಲನ್ನು ಚಾಚುತ್ತವೆ. ಎರಡು ಕೀಲುಗಳನ್ನು ದಾಟುವ ಸ್ನಾಯುವಿಗೆ ಒಂದೇ ಕಸುಬನ್ನು ಹಚ್ಚಲಾಗದು.

ನಾಲ್ಕನೆಯದು ಇನ್ನೂ ಆಳದ ಪ್ರಶ್ನೆಯನ್ನೆತ್ತುತ್ತದೆ. ಚಾರ್ಲ್ಸ್ ಬೀವರ್ 1903ರ ಕ್ರೂನಿಯನ್ ಉಪನ್ಯಾಸಗಳಲ್ಲಿ ಮೆದುಳಿನ ಲೆಕ್ಕದಲ್ಲಿರುವುದು ಬಿಡಿ ಸ್ನಾಯುಗಳಲ್ಲ, ಚಲನೆಗಳು ಎಂದು ವಾದಿಸಿದರು. ತಡೆಯೊಂದರ ಎದುರು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವಾಗ ಬೈಸೆಪ್ಸ್ ದುಡಿಯುತ್ತದೆ. ಅದರಿಂದ ಮೊಣಕೈ ಮಡಿಸಿಕೊಳ್ಳದಂತೆ ಎದುರು ಬದಿಯ ಟ್ರೈಸೆಪ್ಸ್ ಕೂಡ ಸಂಕೋಚಿಸುತ್ತದೆ. ಒಂದು ಚಲನೆಯಲ್ಲಿ ಎದುರಾಳಿಗಳಾದವು ಇನ್ನೊಂದು ಚಲನೆಯಲ್ಲಿ ಜೊತೆಗಾರರು. 1957ರಲ್ಲಿ ಬಸ್ಮಾಜಿಯನ್ ಮತ್ತು ಲತೀಫ್ ಮೊಣಕೈ ಮಡಿಸುವ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ, ಬೈಸೆಪ್ಸ್ ಪಾಲ್ಗೊಳ್ಳುವ ಪ್ರಮಾಣವು ಮುಂದೋಳಿನ ಸ್ಥಿತಿಯೊಂದಿಗೆ ಬದಲಾಗುವುದೂ, ಬ್ರೇಕಿಯಾಲಿಸ್ ಎಲ್ಲ ಸ್ಥಿತಿಗಳಲ್ಲಿ ದುಡಿಯುವುದೂ ಕಂಡುಬಂದಿತು. ‘ಫ್ಲೆಕ್ಸರ್’ ಎಂಬ ಹೆಸರಿಗೆ ಹೆಚ್ಚು ಅರ್ಹವಾದ ಸ್ನಾಯುವಿಗೆ ಆ ಹೆಸರು ಎಂದೂ ಅಧಿಕೃತವಾಗಿ ದಕ್ಕಿಲ್ಲ.

5. ಹೆಸರು ವಿವರಣೆಯೋ, ಗುರುತೋ?

ಕ್ರಿಯಾನಾಮಗಳ ತೊಡಕಿಗೆ ಪರಿಹಾರವೊಂದು 18ನೆಯ ಶತಮಾನದಲ್ಲಿಯೇ ಬಂದಿತ್ತು. 1789ರಲ್ಲಿ ದಿಜಾನ್‌ನ ಫ್ರಾಂಸ್ವಾ ಶೋಸಿಯೆ ಸ್ನಾಯುಗಳಿಗೆ ಉಗಮ ಮತ್ತು ಸೇರ್ಪಡೆಯ ಸ್ಥಾನಗಳನ್ನು ಜೋಡಿಸಿದ ಹೆಸರುಗಳನ್ನು ಪ್ರಸ್ತಾಪಿಸಿದನು. ಬೈಸೆಪ್ಸ್ ಅವನಲ್ಲಿ ‘ಸ್ಕಾಪ್ಯುಲೊ-ರೇಡಿಯಲ್’, ಬ್ರೇಕಿಯಾಲಿಸ್ ‘ಹ್ಯುಮೆರೊ-ಕ್ಯುಬಿಟಲ್’. ಎರಡು ವರ್ಷಗಳ ಹಿಂದೆಯಷ್ಟೇ ಲವಾಸಿಯೆ, ಗಿತೋನ್ ದ ಮೊರ್ವೊ ಮೊದಲಾದವರು ರಸಾಯನಶಾಸ್ತ್ರಕ್ಕೆ ಕ್ರಮಬದ್ಧ ನಾಮಪದ್ಧತಿಯನ್ನು ನೀಡಿದ್ದರು. ಹೆಸರೇ ವಸ್ತುವಿನ ಘಟನೆಯನ್ನು ಹೇಳಬೇಕೆಂಬ ಅದೇ ಆದರ್ಶ ಇಲ್ಲಿಯೂ ಕಾಣುತ್ತದೆ. ರಸಾಯನಶಾಸ್ತ್ರದಲ್ಲಿ ಗೆದ್ದ ಆದರ್ಶವು ಸ್ನಾಯುಗಳ ವಿಷಯದಲ್ಲಿ ಗೆಲ್ಲಲಿಲ್ಲ. ಹೊಸ ಸಂಯುಕ್ತಗಳಿಗೆ ಹೊಸ ಹೆಸರುಗಳನ್ನು ಹುಟ್ಟಿಸುತ್ತಲೇ ಇರಬೇಕಾದ ಶಾಸ್ತ್ರಕ್ಕೆ ಉತ್ಪಾದಕ ನಿಯಮ ಬೇಕು. ಸ್ನಾಯುಗಳ ಪಟ್ಟಿಯು ಹೆಚ್ಚುಕಡಿಮೆ ಮುಚ್ಚಿದ ಪಟ್ಟಿ. ಅಲ್ಲಿ ಪರಿಚಿತ ಹೆಸರಿನ ಬೆಲೆಯೇ ಹೆಚ್ಚು.

19ನೆಯ ಶತಮಾನದ ಕೊನೆಗೆ ಯುರೋಪಿನ ಗ್ರಂಥಗಳಲ್ಲಿ ಸುಮಾರು 50,000 ಅಂಗರಚನಾ ಪದಗಳು ಚಲಾವಣೆಯಲ್ಲಿದ್ದವೆಂದೂ, 1895ರ ಬಾಸೆಲ್ ಪಟ್ಟಿಯು ಅವನ್ನು 5,000ದ ಆಸುಪಾಸಿಗೆ ಇಳಿಸಿತೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. 1935ರ ಜೆನಾ ಪಟ್ಟಿ, 1955ರ ಪ್ಯಾರಿಸ್ ಪಟ್ಟಿಗಳು ಅದನ್ನು ಪರಿಷ್ಕರಿಸಿದವು. ಬೆರಳುಗಳ ಮೇಲಿನ ‘ಫ್ಲೆಕ್ಸರ್’ನ ‘ಸಬ್ಲಿಮಿಸ್’ ಎಂಬ ವಿಶೇಷಣವು ‘ಸೂಪರ್ಫಿಸಿಯಾಲಿಸ್’ ಆದದ್ದು ಪ್ಯಾರಿಸ್ ಪಟ್ಟಿಯಲ್ಲಿ. ಈ ಪಟ್ಟಿಗಳ ನಿಯಮಗಳಲ್ಲಿ ಒಂದು ಭಾಷಾಶಾಸ್ತ್ರಕ್ಕೆ ಅತ್ಯಂತ ಮಹತ್ತ್ವದ್ದು: ಹೆಸರು ಪ್ರಧಾನವಾಗಿ ನೆನಪಿನ ಗುರುತು, ಅದಕ್ಕೆ ವಿವರಣೆಯ ಬೆಲೆಯೂ ಇದ್ದರೆ ಒಳ್ಳೆಯದು. ಇದು ಅನ್ವರ್ಥನಾಮವನ್ನು ಅಂಕಿತನಾಮವೆಂದು ಘೋಷಿಸುವ ನಿಯಮವೇ ಸರಿ. ‘ಫ್ಲೆಕ್ಸರ್ ಡಿಜಿಟೋರುಮ್ ಪ್ರೊಫುಂಡುಸ್’ ಮಣಿಕಟ್ಟನ್ನು ಮಡಿಸುವುದರಲ್ಲಿಯೂ ಪಾಲುಗೊಂಡರೆ ಹೆಸರು ಸುಳ್ಳಾಗುವುದಿಲ್ಲ, ಏಕೆಂದರೆ ಅದು ಈಗ ಏನನ್ನೂ ಪ್ರತಿಪಾದಿಸುತ್ತಿಲ್ಲ. ಲ್ಯಾಟಿನ್ ಯಾರ ಆಡುಮಾತೂ ಅಲ್ಲದಿರುವುದು ಇದಕ್ಕೆ ಅನುಕೂಲವಾಯಿತು. ಧಾತ್ವರ್ಥವು ಕೇಳುಗನ ಕಿವಿಯಲ್ಲಿ ಥಟ್ಟನೆ ಎಚ್ಚರಗೊಳ್ಳುವುದಿಲ್ಲ.

6. ಸಂಸ್ಕೃತ ಪರಂಪರೆಯಲ್ಲಿ ಬಾಗಿಸುವ ಕರ್ತೃ

ಕನ್ನಡದ ವೈದ್ಯಕೀಯ ಪರಿಭಾಷೆಯು ಸಂಸ್ಕೃತದ ಕಡೆಗೆ ಕೈಚಾಚಿದಾಗ ಅಲ್ಲಿ ದೊರೆತದ್ದೇನು ಎಂಬುದನ್ನು ಈಗ ನೋಡಬೇಕು. ‘ಸುಶ್ರುತಸಂಹಿತೆ’ಯ ಶಾರೀರಸ್ಥಾನವು 500 ಪೇಶಿಗಳನ್ನು ಎಣಿಸುತ್ತದೆ: ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕುತ್ತಿಗೆಯಿಂದ ಮೇಲೆ 34. ಸ್ನಾಯುಗಳು 900, ಸಂಧಿಗಳು 210. ಅಲ್ಲಿ ಪೇಶಿಯು ಸಿರೆ, ಸ್ನಾಯು, ಮೂಳೆ, ಸಂಧಿಗಳನ್ನು ಆವರಿಸಿ ಬಲಗೊಳಿಸುವಂಥದು. ಸ್ನಾಯುವು ಬಂಧಕ, ಹಲಗೆಗಳನ್ನು ಬಿಗಿದು ದೋಣಿಯನ್ನು ಭಾರ ಹೊರಬಲ್ಲದ್ದನ್ನಾಗಿ ಮಾಡುವ ಕಟ್ಟುಗಳಿಗೆ ಸುಶ್ರುತನು ಅದನ್ನು ಹೋಲಿಸುತ್ತಾನೆ. ಎಣಿಕೆಯು ಪ್ರದೇಶವನ್ನು ಅನುಸರಿಸಿದೆ. ಮಡಿಸುವ ಪೇಶಿ, ಚಾಚುವ ಪೇಶಿ ಎಂಬ ವಿಭಾಗವಿಲ್ಲ. ಅವಯವಗಳ ಚಲನೆಗೆ ಕರ್ತೃವೆಂದು ಆಯುರ್ವೇದವು ಹೇಳುವುದು ವ್ಯಾನವಾಯುವನ್ನು. ಚರಕನಲ್ಲಿ ಗತಿ, ಪ್ರಸಾರಣ ಮೊದಲಾದವು ವ್ಯಾನದ ಕ್ರಿಯೆಗಳು. ಕ್ರಿಯೆ ಇದೆ, ಆದರೆ ಅದರ ಕರ್ತೃತ್ವವು ಮಾಂಸದಲ್ಲಿಲ್ಲ.

‘ಆಕುಂಚನ’ವು ಬೇರೊಂದು ಶಾಸ್ತ್ರದಲ್ಲಿ ಪಾರಿಭಾಷಿಕವಾಯಿತು. ವೈಶೇಷಿಕ ದರ್ಶನವು ಎಣಿಸುವ ಐದು ಕರ್ಮಗಳಾದ ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನಗಳಲ್ಲಿ ಇದು ಮೂರನೆಯದು. ನೇರವಾದ ದ್ರವ್ಯವೊಂದರ ತುದಿಯ ಭಾಗಗಳು ತಮ್ಮ ಎಡೆಯನ್ನು ಬಿಟ್ಟು ಬುಡದ ಕಡೆಗೆ ಕೂಡಿಕೊಂಡು ದ್ರವ್ಯವು ವಕ್ರವಾಗುವ ಚಲನೆ ಎಂಬುದು ಪ್ರಶಸ್ತಪಾದನ ವಿವರಣೆಯ ಸಾರ. ಬಾಗುವಿಕೆಯ ಇಷ್ಟು ನಿಖರವಾದ ಲಕ್ಷಣದಲ್ಲಿಯೂ ಅದನ್ನು ಎಸಗುವ ಅಂಗದ ಮಾತಿಲ್ಲ. ಹೀಗಾಗಿ ‘ಆಕುಂಚಕ’ ಎಂಬ ಸ್ನಾಯುನಾಮವು ಪ್ರಾಚೀನ ಪರಂಪರೆಯ ಮುಂದುವರಿಕೆಯಲ್ಲ. ಸಂಸ್ಕೃತದ ಸಾಮಗ್ರಿಯಿಂದ ಲ್ಯಾಟಿನ್ ಅಚ್ಚಿನಲ್ಲಿ ಎರೆದ ಆಧುನಿಕ ಪದ. ಪಾಣಿನಿಯು 3.1.133ರಲ್ಲಿ ‘ತೃ’ ಮತ್ತು ‘ಅಕ’ಗಳನ್ನು ಒಟ್ಟಿಗೆ ಕರ್ತೃವಾಚಕ ಪ್ರತ್ಯಯಗಳಾಗಿ ವಿಧಿಸುತ್ತಾನೆ, ‘ತೊರ್’ಗೆ ‘ಅಕ’ವನ್ನು ಆರಿಸಿಕೊಂಡ ಅನುವಾದಕರು ವ್ಯಾಕರಣದ ದೃಷ್ಟಿಯಿಂದ ನಿಖರವಾಗಿಯೇ ನಡೆದರು. ಆದರೆ 1.4.54ರ ಪ್ರಕಾರ ಕರ್ತೃವಾದವನು ಸ್ವತಂತ್ರ. ನರದ ಆಜ್ಞೆಗೆ ಕಾದು, ಇತರ ಸ್ನಾಯುಗಳ ಜೊತೆಗೂಡಿ ಎಳೆಯುವ ಸ್ನಾಯು ಕಾರಕದೃಷ್ಟಿಯಲ್ಲಿ ಕರ್ತೃವಿಗಿಂತ ಕರಣಕ್ಕೆ ಹತ್ತಿರ.

ತತ್ಸಮಗಳು ಸ್ಥಿರವಾದವು ಎಂಬ ನಂಬಿಕೆಗೂ ಇಲ್ಲಿ ಎಚ್ಚರಿಕೆಯಿದೆ. ಸುಶ್ರುತನ ಬಂಧಕ ‘ಸ್ನಾಯು’ ಕನ್ನಡ, ಮರಾಠಿಗಳಲ್ಲಿ ಮಾಂಸಖಂಡವಾಗಿದೆ. ಬಂಗಾಳಿಯಲ್ಲಿ ಅದೇ ಪದಕ್ಕೆ ನರ ಎಂದರ್ಥ. ಗ್ರೀಕಿನ ‘ನ್ಯೂರೋನ್’ ಸ್ನಾಯುರಜ್ಜುವಿನಿಂದ ನರಕ್ಕೆ ಸರಿದ ಇತಿಹಾಸವನ್ನು ಇದು ನೆನಪಿಸುತ್ತದೆ. ಮೂಲವೊಂದೇ ಆದರೂ ಪ್ರತಿಯೊಂದು ಭಾಷೆಯೂ ತನ್ನ ರೂಢಿಯನ್ನು ತಾನೇ ಕಟ್ಟಿಕೊಂಡಿದೆ.

7. ಕನ್ನಡದ ಮುಂದಿರುವ ಆಯ್ಕೆ

‘ಆಕುಂಚಕ’ದ ತೊಡಕು ಕನ್ನಡದಲ್ಲಿ ಇಮ್ಮಡಿಯಾಗುತ್ತದೆ. ಕನ್ನಡ ಬರಹದಲ್ಲಿ ‘ಆಕುಂಚನ’ವು ಕೀಲಿನ ಬಾಗುವಿಕೆಗಷ್ಟೇ ಅಲ್ಲ, ಕುಗ್ಗುವಿಕೆಗೂ ಸಲ್ಲುತ್ತದೆ; ‘ಹೃದಯದ ಆಕುಂಚನ’ ಎಂಬ ಬಳಕೆ ಪರಿಚಿತ. ಆಕುಂಚನ, ಸಂಕೋಚನಗಳು ಹತ್ತಿರದ ಧಾತುಗಳಿಂದ ಬಂದವು. ಆದ್ದರಿಂದ ‘ಆಕುಂಚಕ ಸ್ನಾಯು’ ಎಂದಾಗ ‘ಸಂಕುಚಿಸುವ ಸ್ನಾಯು’ ಎಂದು ವಿದ್ಯಾರ್ಥಿಯು ತಿಳಿದರೆ ಆಶ್ಚರ್ಯವಿಲ್ಲ. ಸಂಕುಚಿಸುವುದು ಎಲ್ಲ ಸ್ನಾಯುಗಳ ಕೆಲಸ. ಚಾಚುವ ಸ್ನಾಯುವೂ ಸಂಕುಚಿಸಿಯೇ ಚಾಚುತ್ತದೆ. ಗೇಲನ್ ಬೇರ್ಪಡಿಸಿದ ಎರಡು ಸಂಗತಿಗಳು, ಅಂದರೆ ಸ್ನಾಯುವಿನ ಸಂಕೋಚನ ಮತ್ತು ಕೀಲಿನ ಮಡಿಕೆ, ಈ ಪದದಲ್ಲಿ ಮತ್ತೆ ಬೆರೆತುಹೋಗುತ್ತವೆ.

ಕನ್ನಡದ ಧಾತುಗಳು ಈ ಎಡೆಯಲ್ಲಿ ಲ್ಯಾಟಿನ್ನಿಗಿಂತ ಸೂಕ್ಷ್ಮವಾಗಿವೆ. ಕೈ ಮಡಿಸುತ್ತೇವೆ, ಕಾಲು ಮಡಿಸಿ ಕೂರುತ್ತೇವೆ, ಬೆರಳು ಮಡಚುತ್ತೇವೆ. ಕುತ್ತಿಗೆಯನ್ನು ಬಗ್ಗಿಸುತ್ತೇವೆ, ಸೊಂಟ ಬಗ್ಗಿಸಿ ದುಡಿಯುತ್ತೇವೆ, ತಲೆ ಬಾಗಿಸುತ್ತೇವೆ. ಎರಡು ಭಾಗಗಳು ಒಂದು ಕೀಲಿನಲ್ಲಿ ಒಂದರತ್ತ ಒಂದು ಬರುವೆಡೆ ‘ಮಡಿಸು’, ‘ಮಡಚು’. ಹಲವು ಕೀಲುಗಳ ಸಾಲೊಂದು ಒಟ್ಟಾಗಿ ಕಮಾನಾಗುವೆಡೆ ‘ಬಗ್ಗಿಸು’, ‘ಬಾಗಿಸು’. ಪ್ರತಿಕ್ರಿಯೆಗಳೂ ಹಾಗೆಯೇ ಬೇರೆಯಾಗುತ್ತವೆ: ಮಡಿಸಿದ ಕೈಕಾಲನ್ನು ಚಾಚುತ್ತೇವೆ, ನೀಡುತ್ತೇವೆ; ಬಗ್ಗಿದ ಬೆನ್ನು ನಿಮಿರುತ್ತದೆ. ‘ಫ್ಲೆಕ್ಷನ್’ ಎಂಬ ಒಂದೇ ಪದಕ್ಕೆ ಒಂದೇ ಸಮಾನಪದವನ್ನು ಹುಡುಕುವ ಹಟದಲ್ಲಿ ಈ ಭೇದವು ಕಳೆದುಹೋಗುತ್ತದೆ.

ಕರ್ತೃರೂಪದ ವಿಷಯದಲ್ಲಿಯೂ ಕನ್ನಡದ್ದು ಬೇರೆಯೇ ಜಾಡು. ಓದುಗ, ಹಾಡುಗ, ಮೋಸಗಾರ ಮುಂತಾದ ರೂಪಗಳು ಮನುಷ್ಯರಿಗೆ ಸಲ್ಲುತ್ತವೆ. ಸಾಧನಗಳಿಗೆ ಬಾಚಣಿಗೆ, ಬೀಸಣಿಗೆ ಮೊದಲಾದ ರೂಪಗಳಿವೆ. ಅಚೇತನವಾದ ಕರ್ತೃವನ್ನು ಹೇಳಬೇಕಾದಾಗ ಕನ್ನಡವು ಸಹಜವಾಗಿ ಆಶ್ರಯಿಸುವುದು ಕೃದಂತ ವಿಶೇಷಣವನ್ನು: ಬೆರಳು ಮಡಚುವ ಸ್ನಾಯು, ಕುತ್ತಿಗೆ ಬಗ್ಗಿಸುವ ಸ್ನಾಯು. ಇದು ವೆಸೇಲಿಯಸ್‌ನ ಶೀರ್ಷಿಕೆಗಳ ರಚನೆಯೇ. ಅದು ಕ್ರಿಯೆಯನ್ನು ಹೇಳುತ್ತದೆ, ಕಸುಬನ್ನು ಹಚ್ಚುವುದಿಲ್ಲ. ‘ತೊಡೆಯ ಹಿಂಬದಿಯ ಈ ಸ್ನಾಯುಗಳು ಮೊಣಕಾಲು ಮಡಿಸುವವೂ ಹೌದು, ಸೊಂಟದ ಕೀಲನ್ನು ಚಾಚುವವೂ ಹೌದು’ ಎಂದರೆ ವಿರೋಧಾಭಾಸವೆನಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಹೆಸರು ಮತ್ತು ಪಾತ್ರಗಳನ್ನು ರೂಪದಲ್ಲಿಯೇ ಬೇರ್ಪಡಿಸುವುದು ಕನ್ನಡ ಪರಿಭಾಷೆಗೆ ಹಿತಕರ. ಸ್ನಾಯುವಿನ ಹೆಸರು ಅಂಕಿತವಾದುದರಿಂದ ಅದನ್ನು ಲಿಪ್ಯಂತರದಲ್ಲಿ ಉಳಿಸಬಹುದು. ಇಲ್ಲವೇ ಮೀನಖಂಡದಂತಹ ದೇಶ್ಯ ರೂಪಕವನ್ನೋ ಸ್ಥಾನವಾಚಕವನ್ನೋ ಬಳಸಬಹುದು. ಚಲನೆಯೊಂದರಲ್ಲಿ ಸ್ನಾಯುವಿನ ಪಾತ್ರವನ್ನು ಹೇಳುವಾಗ ಮಾತ್ರ ಕೃದಂತವನ್ನು, ಕೀಲಿನ ಸ್ವರೂಪಕ್ಕೆ ತಕ್ಕ ಧಾತುವಿನಿಂದ, ಬಳಸಬಹುದು. ಹಾಗೆ ಮಾಡಿದರೆ ‘ಬ್ರೇಕಿಯಾಲಿಸ್ ಮೊಣಕೈ ಮಡಿಸುವ ಸ್ನಾಯು’ ಎಂಬ ವಾಕ್ಯದಲ್ಲಿ ಯಾವುದು ಗುರುತು, ಯಾವುದು ಪ್ರತಿಪಾದನೆ ಎಂಬುದು ಸ್ಪಷ್ಟವಾಗುತ್ತದೆ. ಲ್ಯಾಟಿನ್ ಪರಂಪರೆಗೆ ಈ ಭೇದವನ್ನು ರೂಪದಲ್ಲಿ ತೋರಿಸುವ ಅನುಕೂಲ ಒದಗಲಿಲ್ಲ.

ಪಾರದರ್ಶಕ ಹೆಸರು ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಆಸರೆಯಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೊದಲ ಪಾಠದಲ್ಲಿ ಅದು ಆಸರೆಯೇ. ಆದರೆ ಆಡುನುಡಿಯ ಧಾತುವಿನಿಂದ ಕಟ್ಟಿದ ಹೆಸರಿನ ಅರ್ಥವು ಪ್ರತಿಸಲವೂ ಜೀವಂತವಾಗಿ ಕೇಳಿಸುತ್ತದೆ. ಲ್ಯಾಟಿನ್ ಹೆಸರಿನಲ್ಲಿ ಮಲಗಿರುವ ಹಳೆಯ ಸಿದ್ಧಾಂತವು ಕನ್ನಡದಲ್ಲಿ ಎದ್ದು ಮಾತನಾಡುತ್ತದೆ. ಲುಂಬ್ರಿಕಾಲಿಸ್‌ನಂತಹ ಸ್ನಾಯು ಎದುರಾದಾಗ ಕಲಿತದ್ದನ್ನು ಮರೆಯಬೇಕಾಗುತ್ತದೆ. ಕೃದಂತವು ಆ ಆಸರೆಯನ್ನು ಕೊಡುತ್ತಲೇ ಈ ಹೊರೆಯನ್ನು ತಪ್ಪಿಸುತ್ತದೆ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ‘ಫ್ಲೆಕ್ಸರ್’ ಎಂಬ ಹೆಸರಿನ ಹಂಚಿಕೆಯು ದೇಹಕ್ರಿಯೆಯನ್ನು ಪ್ರತಿಬಿಂಬಿಸುವುದಿಲ್ಲ. ಹೆಸರಿಡುವವರು ಯಾವ ಎಡೆಯಲ್ಲಿ ಆಕಾರದಿಂದ ಗುರುತಿಸಲಾರದೆ ಹೋದರು ಎಂಬುದನ್ನು ಪ್ರತಿಬಿಂಬಿಸುತ್ತದೆ. ಎರಡನೆಯದಾಗಿ, ಕೃದಂತ ವಿವರಣೆಯು ಕರ್ತೃವಾಚಕವಾದಾಗ ಪ್ರತಿಪಾದನೆಯೊಂದು ಸೇರಿಕೊಂಡಿತು. ಪ್ರಯೋಗಗಳು ಅದನ್ನು ಅಲ್ಲಗಳೆದಾಗ ಶಾಸ್ತ್ರವು ಹೆಸರನ್ನು ಬಹುಮಟ್ಟಿಗೆ ಉಳಿಸಿಕೊಂಡು ಅರ್ಥವನ್ನು ಕೈಬಿಟ್ಟಿತು. ಮೂರನೆಯದಾಗಿ, ಅನುವಾದಕನ ಕೈಗೆ ಬರುವ ಪಾರಿಭಾಷಿಕ ಪದವು ತನ್ನ ಚರಿತ್ರೆಯ ಯಾವುದೋ ಒಂದು ಘಟ್ಟದಲ್ಲಿರುತ್ತದೆ. ಅಂಕಿತವಾಗಿ ನಿಂತ ಪದವನ್ನು ಅನ್ವರ್ಥವೆಂದು ಭಾವಿಸಿ ಅನುವಾದಿಸಿದರೆ ನಾವು ತರುವುದು ಇಂದಿನ ಶಾಸ್ತ್ರವನ್ನಲ್ಲ, ಅದರ ಹಳೆಯ ಘಟ್ಟವೊಂದನ್ನು. ಸ್ನಾಯುಗಳಾಚೆ ಬೇರೆ ಶಾಸ್ತ್ರಗಳ ಕರ್ತೃವಾಚಕ ಪರಿಭಾಷೆಗಳಲ್ಲಿಯೂ ಈ ಪರೀಕ್ಷೆಯನ್ನು ನಡೆಸಬಹುದು. ಕನ್ನಡದಲ್ಲಿ ‘-ಕ’ಕಾರಾಂತವಾಗಿ ಸೇರಿಕೊಂಡಿರುವ ಪದಗಳ ರಾಶಿಯನ್ನು ಕಂಡರೆ ಅದಕ್ಕೆ ಸಾಮಗ್ರಿಯ ಕೊರತೆಯಿಲ್ಲ.